ಲಾಗಿನ್ ಆದೊಡನೆ ಅನುಮಾನದ ಎರರ್ ಬರುತ್ತಿದೆಯೇ? ಮೂಲ ಪತ್ತೆ ಹಚ್ಚುವ ಕ್ರಮ ಇಲ್ಲಿದೆ

ಕಂಪ್ಯೂಟರ್ ಆನ್ ಮಾಡಿ ಪಾಸ್‌ವರ್ಡ್ ಹಾಕುತ್ತೀರಿ. ಡೆಸ್ಕ್‌ಟಾಪ್ ಇನ್ನೂ ಪೂರ್ತಿ ಮೂಡಿರುವುದಿಲ್ಲ, ಅಷ್ಟರಲ್ಲೇ ಪರದೆಯ ನಡುವೆ ಒಂದು ಪುಟ್ಟ ಪೆಟ್ಟಿಗೆ ಬಂದು ಕೂರುತ್ತದೆ. ಮೇಲೆ ‘ವಿಂಡೋಸ್ ಸ್ಕ್ರಿಪ್ಟ್ ಹೋಸ್ಟ್’ ಎಂಬ ತಲೆಬರಹ. ಕೆಳಗೆ, ಸ್ಕ್ರಿಪ್ಟ್ ಫೈಲ್ ಸಿಗಲಿಲ್ಲ ಎಂಬ ಇಂಗ್ಲಿಷ್ ಸಾಲು ಮತ್ತು ಉದ್ದನೆಯ ವಿಳಾಸ: ಯೂಸರ್ಸ್, ನಿಮ್ಮ ಹೆಸರು, ಆ್ಯಪ್‌ಡೇಟಾ, ರೋಮಿಂಗ್, ವಿಂಡೋಸ್‌ಸರ್ವೀಸಸ್, ಕೊನೆಯಲ್ಲಿ ‘ಹೆಲ್ಪರ್.ವಿಬಿಎಸ್’. ಓಕೆ ಒತ್ತಿದರೆ ಮಾಯ, ಮರುದಿನ ಮತ್ತೆ ಹಾಜರ್.

ಕೆಲವರಿಗೆ ಬರುವ ಪೆಟ್ಟಿಗೆಯ ಮೇಲೆ ‘ರನ್‌ಡಿಎಲ್‌ಎಲ್’ ಎಂದಿರುತ್ತದೆ. ಇನ್ನು ಕೆಲವರಿಗೆ, ಯಾವುದೋ ಸರ್ವೀಸ್ ಆರಂಭವಾಗಲಿಲ್ಲ ಎಂಬ ಸೂಚನೆ. ರೂಪ ಯಾವುದಾದರೂ ಓದುಗರು ಕೇಳುವ ಪ್ರಶ್ನೆ ಎರಡೇ: ಇದು ವೈರಸ್ಸೇ? ಕಾಣೆಯಾದ ಫೈಲನ್ನು ಎಲ್ಲಿಂದ ತಂದು ಹಾಕಬೇಕು?

ಎರಡನೆಯದಕ್ಕೆ ಉತ್ತರ ಮೊದಲು ಹೇಳಿಬಿಡುತ್ತೇನೆ: ಎಲ್ಲಿಂದಲೂ ತರಬೇಡಿ. ‘ಕಾಣೆಯಾದ ಡಿಎಲ್‌ಎಲ್ ಉಚಿತವಾಗಿ ಇಳಿಸಿಕೊಳ್ಳಿ’ ಎನ್ನುವ ಜಾಲತಾಣಗಳು ಬೇಕಾದಷ್ಟಿವೆ. ಅವುಗಳ ಮಾತು ಕೇಳಿದರೆ ಇಲ್ಲದ ರೋಗವನ್ನು ದುಡ್ಡಿಲ್ಲದೆ ಕೊಂಡುಕೊಂಡಂತೆ. ಫೈಲ್ ಕಾಣೆಯಾಗಿರುವುದು ಎಷ್ಟೋ ಸಲ ಒಳ್ಳೆಯ ಸುದ್ದಿಯೇ. ಆಂಟಿವೈರಸ್ ತನ್ನ ಕೆಲಸ ಮಾಡಿ ಆ ಫೈಲನ್ನು ಕಿತ್ತುಹಾಕಿದೆ, ಆದರೆ ಅದನ್ನು ಪ್ರತಿದಿನ ಎಬ್ಬಿಸುವ ಆದೇಶ ಇನ್ನೊಂದು ಕಡೆ ಉಳಿದುಕೊಂಡಿದೆ. ಮನೆ ಖಾಲಿ ಮಾಡಿದ ಬಾಡಿಗೆದಾರನ ಹೆಸರಿಗೆ ಅಂಚೆ ಬರುತ್ತಲೇ ಇರುವ ಹಾಗೆ. ಆದ್ದರಿಂದ ನೀವು ಹುಡುಕಬೇಕಾದದ್ದು ಫೈಲನ್ನಲ್ಲ, ಅದನ್ನು ಕರೆಯುತ್ತಿರುವ ಸಾಲನ್ನು. ಆ ಸಾಲು ಯಾರದು ಎಂದು ತಿಳಿದರೆ ಮೊದಲ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಈ ಲೇಖನ ವಿಂಡೋಸ್ 10 ಮತ್ತು 11 ಬಳಸುವವರಿಗೆ. ಮೆನುಗಳ ಹೆಸರನ್ನು ಇಂಗ್ಲಿಷ್ ಪರದೆಯಲ್ಲಿ ಕಾಣುವಂತೆಯೇ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಬೇಕು.

ಮೊದಲು ನಾಲ್ಕು ಪದಗಳು

ಸರ್ವೀಸ್ ಎಂದರೆ ಪರದೆಯ ಮೇಲೆ ಮುಖ ತೋರಿಸದೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ. ನೀವು ಲಾಗಿನ್ ಆಗುವ ಮೊದಲೇ ಅದು ಶುರುವಾಗಬಲ್ಲದು. ಪ್ರಿಂಟರ್, ವೈಫೈ, ಅಪ್‌ಡೇಟ್ ಎಲ್ಲದರ ಹಿಂದೆಯೂ ಒಂದೊಂದು ಸರ್ವೀಸ್ ಇರುತ್ತದೆ. ಸ್ಟಾರ್ಟ್‌ಅಪ್ ಪ್ರೋಗ್ರಾಂ ಎನ್ನುವುದು ನೀವು ಲಾಗಿನ್ ಆದ ಮೇಲೆ ತಾನಾಗಿ ತೆರೆದುಕೊಳ್ಳುವಂಥದ್ದು. ಶೆಡ್ಯೂಲ್ಡ್ ಟಾಸ್ಕ್ ಎಂದರೆ ಇಂಥ ಹೊತ್ತಿಗೆ ಅಥವಾ ಇಂಥ ಸಂದರ್ಭದಲ್ಲಿ ಈ ಕೆಲಸ ಮಾಡು ಎಂದು ವಿಂಡೋಸ್‌ಗೆ ಬರೆದಿಟ್ಟ ಆದೇಶ. ಡಿಎಲ್‌ಎಲ್ ಎಂದರೆ ತಾನೇ ಓಡಲಾರದ, ಬೇರೆ ಪ್ರೋಗ್ರಾಂ ಎತ್ತಿಕೊಂಡು ಓಡಿಸಬೇಕಾದ ಕೋಡ್‌ನ ಕಟ್ಟು. ಹಾಗೆ ಎತ್ತಿಕೊಂಡು ಓಡಿಸುವ ವಿಂಡೋಸ್‌ನ ಸ್ವಂತ ಪ್ರೋಗ್ರಾಂ ರನ್‌ಡಿಎಲ್‌ಎಲ್32. ಹಾಗಾಗಿ ಎರರ್ ಪೆಟ್ಟಿಗೆಯ ತಲೆಬರಹದಲ್ಲಿ ರನ್‌ಡಿಎಲ್‌ಎಲ್ ಎಂದಿದ್ದರೆ ತಪ್ಪು ಅದರದ್ದಲ್ಲ, ಅದಕ್ಕೆ ಕೆಲಸ ಒಪ್ಪಿಸಿದವರದ್ದು. ಅದನ್ನೇ ಅಳಿಸಲು ಹೋಗಬೇಡಿ.

ಮೇಲೆ ಹೇಳಿದ ‘ವಿಂಡೋಸ್‌ಸರ್ವೀಸಸ್’ ಎಂಬ ಫೋಲ್ಡರ್ ಹೆಸರಿನ ಮೋಸ ಈಗ ಗೊತ್ತಾಗುತ್ತದೆ. ಅದು ಸರ್ವೀಸೂ ಅಲ್ಲ, ವಿಂಡೋಸ್‌ನದೂ ಅಲ್ಲ. ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಹಬ್ಬುವ ಹಳೆಯ ಹುಳುವೊಂದು, ಅಂದರೆ ತಾನೇ ಹರಡುವ ಕುತಂತ್ರಾಂಶವೊಂದು, ಇಟ್ಟುಕೊಂಡ ಸುಳ್ಳು ಹೆಸರು.

ಬೇಕಾಗುವುದು

ಅಡ್ಮಿನಿಸ್ಟ್ರೇಟರ್ ಖಾತೆಯ ಪಾಸ್‌ವರ್ಡ್, ಇಂಟರ್ನೆಟ್, ಫೋಟೋ ತೆಗೆಯಲು ಮೊಬೈಲ್, ಮತ್ತು ಆತುರವಿಲ್ಲದ ಒಂದು ಮಧ್ಯಾಹ್ನ. ಮುಖ್ಯವಾದ ದಾಖಲೆಗಳನ್ನು ಬೇರೆ ಕಡೆ ಪ್ರತಿ ಮಾಡಿಟ್ಟುಕೊಳ್ಳಿ. ಹುಡುಕುವ ಪಟ್ಟಿಯಲ್ಲಿ ‘ಕ್ರಿಯೇಟ್ ಎ ರೀಸ್ಟೋರ್ ಪಾಯಿಂಟ್’ ಎಂದು ಬರೆದು ಒಂದು ರೀಸ್ಟೋರ್ ಪಾಯಿಂಟ್ ಮಾಡಿ. ಏನಾದರೂ ಎಡವಟ್ಟಾದರೆ ವಿಂಡೋಸ್‌ನ ವ್ಯವಸ್ಥೆಯನ್ನು ಈ ಹಂತಕ್ಕೆ ಹಿಂದಿರುಗಿಸಲು ಅದು ಬೇಕು. ಹಲವು ಕಂಪ್ಯೂಟರ್‌ಗಳಲ್ಲಿ ಈ ಸೌಲಭ್ಯ ಆಫ್ ಆಗಿಯೇ ಇರುತ್ತದೆ. ಅದೇ ಕಿಟಕಿಯಲ್ಲಿ ಸಿ ಡ್ರೈವ್ ಆಯ್ದು ‘ಕಾನ್ಫಿಗರ್’ ಒತ್ತಿ ಆನ್ ಮಾಡಿಕೊಳ್ಳಿ.

ಇನ್ನೊಂದು ಎಚ್ಚರಿಕೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಶನ್, ಅಂದರೆ ಬಿಟ್‌ಲಾಕರ್ ಬೀಗ, ನಿಮಗೆ ಅರಿವಿಲ್ಲದೆಯೇ ಬಿದ್ದಿರಬಹುದು. ವಿಂಡೋಸ್‌ನ ಅತ್ಯಗತ್ಯ ಭಾಗಗಳಷ್ಟೇ ಓಡುವ ಸೇಫ್ ಮೋಡ್‌ಗೆ ಹೋಗುವಾಗ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ, ಆ ಕೀಲಿ ಅಲ್ಲಿದೆಯೇ ಎಂದು ನೋಡಿ ಬರೆದಿಟ್ಟುಕೊಂಡ ಮೇಲೆಯೇ ಮುಂದಿನ ಕೆಲಸ. ಈ ಹಂತ ಬಿಟ್ಟು ಮುಂದೆ ಹೋದವರು ಎರರ್ ಮರೆತು ಕೀಲಿ ಹುಡುಕುತ್ತಾ ಕೂರುತ್ತಾರೆ.

1. ಪೆಟ್ಟಿಗೆಯ ಫೋಟೋ ತೆಗೆಯಿರಿ, ಆಮೇಲೆ ಓಕೆ ಒತ್ತಿ

‘ಏನೋ ಎರರ್ ಬಂತು, ಕ್ಲೋಸ್ ಮಾಡಿದೆ’ ಎಂಬ ಮಾತಿನಿಂದ ಯಾರಿಗೂ ಏನೂ ಹೇಳಲಾಗುವುದಿಲ್ಲ. ಫೋಟೋದಲ್ಲಿ ಮೂರು ಸಂಗತಿ ಗುರುತು ಮಾಡಿಕೊಳ್ಳಿ: ತಲೆಬರಹ, ಫೈಲಿನ ಪೂರ್ತಿ ವಿಳಾಸ, ಕೊನೆಯಲ್ಲಿ ಇರುವ ಕಾರಣ ಅಥವಾ ಸಂಖ್ಯೆ.

ಇವುಗಳಲ್ಲಿ ಹೆಚ್ಚು ಮಾತಾಡುವುದು ವಿಳಾಸ. ಸಿ ಡ್ರೈವ್‌ನ ‘ಪ್ರೋಗ್ರಾಂ ಫೈಲ್ಸ್’ ಒಳಗಿದ್ದರೆ ಸಾಮಾನ್ಯವಾಗಿ ನೀವೋ ಅಂಗಡಿಯವರೋ ಹಾಕಿದ ತಂತ್ರಾಂಶ. ‘ವಿಂಡೋಸ್’ ಒಳಗಿನ ‘ಸಿಸ್ಟಮ್32’ ಆಗಿದ್ದರೆ ವಿಂಡೋಸ್‌ನ ಸ್ವಂತದ್ದಿರಬಹುದು. ‘ಆ್ಯಪ್‌ಡೇಟಾ’, ‘ಟೆಂಪ್’, ‘ಪ್ರೋಗ್ರಾಂಡೇಟಾ’ ಅಥವಾ ‘ಯೂಸರ್ಸ್’ ಒಳಗಿನ ‘ಪಬ್ಲಿಕ್’ ಫೋಲ್ಡರ್ ಆಗಿದ್ದರೆ ಹುಬ್ಬೇರಿಸಿ. ಆ್ಯಪ್‌ಡೇಟಾ ಮತ್ತು ಪಬ್ಲಿಕ್‌ನಂಥ ಕಡೆ ಫೈಲ್ ಇಡಲು ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕಿಲ್ಲವಾದ್ದರಿಂದ ಕುತಂತ್ರಾಂಶಗಳಿಗೆ ಅವು ಅಚ್ಚುಮೆಚ್ಚು. ಹಾಗೆಂದು ಅಲ್ಲಿರುವುದೆಲ್ಲ ಕೆಟ್ಟದ್ದಲ್ಲ. ಟೀಮ್ಸ್, ಜೂಮ್‌ನಂಥ ಒಳ್ಳೆಯ ತಂತ್ರಾಂಶಗಳ ಫೈಲುಗಳೂ ಆ್ಯಪ್‌ಡೇಟಾದಲ್ಲಿ ಕಾಣಸಿಗುತ್ತವೆ.

2. ಪೆಟ್ಟಿಗೆ ವಿಂಡೋಸ್‌ನದೇ ಎಂದು ಖಚಿತ ಮಾಡಿಕೊಳ್ಳಿ

ಎರರ್‌ನಲ್ಲಿ ಫೋನ್ ನಂಬರ್ ಇದೆಯೇ? ಇದ್ದರೆ ಅದು ಮೋಸ, ಅಲ್ಲಿಗೆ ಮಾತು ಮುಗಿಯಿತು. ಮೈಕ್ರೋಸಾಫ್ಟ್‌ನ ನಿಜವಾದ ಎರರ್ ಸಂದೇಶಗಳಲ್ಲಿ ಕರೆ ಮಾಡಿ ಎಂಬ ಸಂಖ್ಯೆ ಇರುವುದೇ ಇಲ್ಲ. ಬ್ರೌಸರ್ ಪೂರ್ತಿ ಪರದೆಯನ್ನು ಆವರಿಸಿ, ಸೈರನ್ ಕೂಗಿ, ನಿಮ್ಮ ಕಂಪ್ಯೂಟರ್‌ಗೆ ಬೀಗ ಬಿದ್ದಿದೆ ಎಂದು ಹೆದರಿಸುವ ಪುಟಗಳು ಈ ಜಾತಿಯವು. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿಯಿರಿ. ಬಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರನ್ನೇ ಮುಗಿಸಿ. ಆ ನಂಬರಿಗೆ ಕರೆ ಮಾಡಿ ಎನಿಡೆಸ್ಕ್‌ನಂಥ ದೂರನಿಯಂತ್ರಣದ ತಂತ್ರಾಂಶವನ್ನು ಈಗಾಗಲೇ ಹಾಕಿಸಿಕೊಂಡಿದ್ದರೆ ಇಂಟರ್ನೆಟ್ ಕಿತ್ತು, ನೇರವಾಗಿ ಒಂಬತ್ತನೆಯ ಹಂತಕ್ಕೆ ಹೋಗಿ.

3. ಇವೆಂಟ್ ವ್ಯೂವರ್‌ನಲ್ಲಿ ಸಾಕ್ಷಿ ಹುಡುಕಿ

ಇದು ವಿಂಡೋಸ್‌ನ ದಿನಚರಿ ಪುಸ್ತಕ. ಹುಡುಕುವ ಪಟ್ಟಿಯಲ್ಲಿ ‘ಇವೆಂಟ್ ವ್ಯೂವರ್’ ಎಂದು ಬರೆದು ತೆರೆಯಿರಿ. ಎಡಗಡೆ ‘ವಿಂಡೋಸ್ ಲಾಗ್ಸ್’, ಅದರೊಳಗೆ ‘ಸಿಸ್ಟಮ್’. ನಡುವಿನ ಪಟ್ಟಿಯಲ್ಲಿ ಸೋರ್ಸ್ ಕಂಬದ ಕೆಳಗೆ ‘ಸರ್ವೀಸ್ ಕಂಟ್ರೋಲ್ ಮ್ಯಾನೇಜರ್’ ಎಂದಿರುವ, ಕಂಪ್ಯೂಟರ್ ಆನ್ ಆದ ಹೊತ್ತಿನ ಸಾಲುಗಳನ್ನು ನೋಡಿ.

ಅವುಗಳ ‘ಇವೆಂಟ್ ಐಡಿ’ ಕಂಬದಲ್ಲಿ ಒಂದು ಸಂಖ್ಯೆ ಇರುತ್ತದೆ. 7000 ಎಂದರೆ ಸರ್ವೀಸ್ ಆರಂಭವಾಗಲಿಲ್ಲ. ಅದರ ವಿವರದಲ್ಲಿ ಫೈಲ್ ಸಿಗಲಿಲ್ಲ ಎಂದಿದ್ದರೆ, ಫೈಲ್ ಹೋಗಿದೆ, ಆದೇಶ ಉಳಿದಿದೆ. 7009 ಎಂದರೆ ಸರ್ವೀಸ್ ನಿಗದಿತ ಸಮಯದಲ್ಲಿ, ಸಾಮಾನ್ಯವಾಗಿ 30,000 ಮಿಲಿಸೆಕೆಂಡ್ ಅಂದರೆ ಅರ್ಧ ನಿಮಿಷದಲ್ಲಿ, ಓಗೊಡಲಿಲ್ಲ. 7031 ಮತ್ತು 7034 ಎಂದರೆ ನಡುವೆಯೇ ಅನಿರೀಕ್ಷಿತವಾಗಿ ನಿಂತುಹೋಯಿತು. ಇವುಗಳಿಗಿಂತ ನಾನು ಮೊದಲು ನೋಡುವುದು 7045. ಹೊಸ ಸರ್ವೀಸೊಂದು ಈ ಕಂಪ್ಯೂಟರ್‌ನಲ್ಲಿ ಸೇರ್ಪಡೆಯಾಯಿತು ಎಂಬ ದಾಖಲೆ ಅದು. ಸರ್ವೀಸಿನ ಹೆಸರು, ಫೈಲಿನ ವಿಳಾಸ, ದಿನಾಂಕ ಎಲ್ಲವೂ ಅದರಲ್ಲಿರುತ್ತದೆ. ಬಲಗಡೆಯ ‘ಫಿಲ್ಟರ್ ಕರೆಂಟ್ ಲಾಗ್’ ಒತ್ತಿ 7045 ಎಂದು ತುಂಬಿದರೆ ಅವಷ್ಟೇ ಸಿಗುತ್ತವೆ. ತೊಂದರೆ ಶುರುವಾದ ದಿನ ಅಥವಾ ಅದರ ಹಿಂದಿನ ದಿನ ಸೇರಿದ ಸರ್ವೀಸ್ ಯಾವುದು ಎಂದು ನೋಡಿ. ಆ ದಿನ ನೀವು ಯಾವ ತಂತ್ರಾಂಶ ಹಾಕಿದಿರಿ ಎಂಬುದೂ ಜೊತೆಗೇ ನೆನಪಾಗುತ್ತದೆ.

ಇಲ್ಲಿ ಹಲವರು ಬೀಳುವ ಗುಂಡಿ ಒಂದಿದೆ. ಇವೆಂಟ್ ವ್ಯೂವರ್‌ನಲ್ಲಿ ಕೆಂಪು ಗುರುತುಗಳು ಎಲ್ಲ ಕಂಪ್ಯೂಟರ್‌ಗಳಲ್ಲೂ ಇರುತ್ತವೆ, ಪೂರ್ತಿ ಆರೋಗ್ಯವಾಗಿರುವುದರಲ್ಲೂ. ನೂರಾರು ಎರರ್ ಕಂಡು ಗಾಬರಿಯಾಗಬೇಡಿ. ಹಾಗೆ ಗಾಬರಿಪಡಿಸುವುದನ್ನೇ ಕಸುಬಾಗಿಸಿಕೊಂಡ ಫೋನ್ ಮೋಸಗಾರರು ಜನರಿಗೆ ಮೊದಲು ತೆರೆಸುವ ಕಿಟಕಿಯೇ ಇದು.

7009 ಮಾತ್ರ ಬರುತ್ತಿದ್ದು, ಸರ್ವೀಸ್ ನಿಮಗೆ ಪರಿಚಿತವಾದ ತಂತ್ರಾಂಶದ್ದಾಗಿದ್ದರೆ ಅದು ಹೆಚ್ಚಾಗಿ ನಿಧಾನದ ಹಾರ್ಡ್‌ಡಿಸ್ಕ್‌ನ ಗೋಳು. ಮುಂದಿನ ಹಂತದಲ್ಲಿ ಹೇಳುವ ಸರ್ವೀಸಸ್ ಕಿಟಕಿಯಲ್ಲಿ ಆ ಸರ್ವೀಸಿನ ಸ್ಟಾರ್ಟ್‌ಅಪ್ ಟೈಪನ್ನು ‘ಆಟೊಮ್ಯಾಟಿಕ್, ಡಿಲೇಡ್ ಸ್ಟಾರ್ಟ್’ ಎಂದು ಬದಲಿಸಿ ನೋಡಿ. ಎರರ್ ನಿಂತರೆ ಮುಂದೆ ಓದುವ ಅಗತ್ಯವೇ ಇಲ್ಲ.

4. ಕರೆಯುತ್ತಿರುವ ಸಾಲನ್ನು ಹಿಡಿಯಿರಿ

ಅದು ಅಡಗಿರಬಹುದಾದ ಜಾಗಗಳನ್ನು ಈ ಕ್ರಮದಲ್ಲಿ ನೋಡಿ.

ಟಾಸ್ಕ್ ಮ್ಯಾನೇಜರ್‌ನ ‘ಸ್ಟಾರ್ಟ್‌ಅಪ್ ಆ್ಯಪ್ಸ್’ ಪುಟ. ಕಂಬಗಳ ತಲೆಬರಹದ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಕಮಾಂಡ್ ಲೈನ್’ ಎಂಬುದನ್ನು ಆರಿಸಿ. ಈಗ ಪ್ರತಿ ಹೆಸರಿನ ಎದುರು ಅದು ಯಾವ ಫೈಲನ್ನು ಕರೆಯುತ್ತಿದೆ ಎಂದು ಕಾಣುತ್ತದೆ. ‘ಪ್ರೋಗ್ರಾಂ’ ಎಂದಷ್ಟೇ ಹೆಸರಿದ್ದು ಚಿತ್ರವೂ ಇಲ್ಲದ ಸಾಲುಗಳು ಸಾಮಾನ್ಯವಾಗಿ ಫೈಲ್ ಕಳೆದುಕೊಂಡ ಅನಾಥ ಸಾಲುಗಳು.

ಸ್ಟಾರ್ಟ್‌ಅಪ್ ಫೋಲ್ಡರ್. ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ಬಂದ ಪೆಟ್ಟಿಗೆಯಲ್ಲಿ ಶೆಲ್, ಕೋಲನ್ ಚಿಹ್ನೆ, ಸ್ಟಾರ್ಟ್‌ಅಪ್ ಎಂದು ನಡುವೆ ಜಾಗ ಬಿಡದೆ ಟೈಪ್ ಮಾಡಿ. ನಮ್ಮ ಉದಾಹರಣೆಯ ಪೆನ್‌ಡ್ರೈವ್ ಹುಳು ‘ಹೆಲ್ಪರ್’ ಎಂಬ ಶಾರ್ಟ್‌ಕಟ್ ಇಡುವುದು ಇಲ್ಲೇ. ಪ್ರಾಪರ್ಟೀಸ್ ತೆರೆದು ‘ಟಾರ್ಗೆಟ್’ ಓದಿ. ಎರರ್ ಪೆಟ್ಟಿಗೆಯಲ್ಲಿದ್ದ ವಿಳಾಸವೇ ಇದ್ದರೆ ಕಳ್ಳ ಸಿಕ್ಕ.

ಟಾಸ್ಕ್ ಶೆಡ್ಯೂಲರ್. ‘ಟಾಸ್ಕ್ ಶೆಡ್ಯೂಲರ್ ಲೈಬ್ರರಿ’ ಮೇಲೆ ಒತ್ತಿದಾಗ ನಡುವೆ ಕಾಣುವ ಪಟ್ಟಿಯಲ್ಲಿ ‘ಟ್ರಿಗರ್ಸ್’ ಕಂಬ ನೋಡಿ. ಲಾಗಿನ್ ಆದಾಗ ಓಡು ಎಂದಿರುವ ಒಂದೊಂದನ್ನೂ ಆಯ್ದು ಕೆಳಗಿನ ‘ಆ್ಯಕ್ಷನ್ಸ್’ ಪುಟ ಓದಿ. ರನ್‌ಡಿಎಲ್‌ಎಲ್ ಎರರ್‌ಗಳ ಮೂಲ ಹೆಚ್ಚಾಗಿ ಇಲ್ಲೇ. 2013–14ರ ಸುಮಾರಿಗೆ ಬಹಳ ಜನರನ್ನು ಕಾಡಿದ ‘ಬ್ಯಾಕ್‌ಗ್ರೌಂಡ್‌ಕಂಟೇನರ್.ಡಿಎಲ್‌ಎಲ್’ ಎರರ್ ಇದಕ್ಕೆ ಒಳ್ಳೆಯ ನಿದರ್ಶನ. ಕಾಂಡ್ಯೂಟ್ ಎಂಬ ಬ್ರೌಸರ್ ಟೂಲ್‌ಬಾರ್ ಬೇರೆ ಉಚಿತ ತಂತ್ರಾಂಶಗಳ ಜೊತೆ ನುಸುಳಿ ಬರುತ್ತಿತ್ತು. ಜನ ಅದನ್ನು ತೆಗೆದುಹಾಕುತ್ತಿದ್ದರು, ಆದರೆ ಅದು ಬರೆದಿಟ್ಟ ಶೆಡ್ಯೂಲ್ಡ್ ಟಾಸ್ಕ್ ಉಳಿದು ದಿನವೂ ಇಲ್ಲದ ಡಿಎಲ್‌ಎಲ್‌ಗಾಗಿ ಹುಡುಕುತ್ತಿತ್ತು. ಆ ಟಾಸ್ಕ್ ಅಳಿಸಿದರೆ ಎರರ್ ಮಾಯವಾಗುತ್ತಿತ್ತು. ಇಲ್ಲೊಂದು ಎಚ್ಚರಿಕೆ: ಲೈಬ್ರರಿಯೊಳಗೆ ‘ಮೈಕ್ರೋಸಾಫ್ಟ್’, ‘ವಿಂಡೋಸ್’ ಎಂಬ ಫೋಲ್ಡರ್‌ಗಳಲ್ಲಿ ರಾಶಿ ಟಾಸ್ಕ್‌ಗಳಿವೆ. ಅವುಗಳನ್ನು ‘ಸ್ವಚ್ಛ’ ಮಾಡಲು ಹೋಗಬೇಡಿ.

ಸರ್ವೀಸಸ್ ಕಿಟಕಿ. ಹುಡುಕುವ ಪಟ್ಟಿಯಲ್ಲಿ ‘ಸರ್ವೀಸಸ್’ ಎಂದು ಬರೆದರೆ ಸಿಗುತ್ತದೆ. ಅನುಮಾನದ ಸರ್ವೀಸ್ ಮೇಲೆ ಎರಡು ಬಾರಿ ಒತ್ತಿ ‘ಪಾತ್ ಟು ಎಕ್ಸಿಕ್ಯೂಟಬಲ್’ ಎಂಬ ಸಾಲನ್ನೂ, ಎಲ್ಲಕ್ಕಿಂತ ಮೇಲಿರುವ ‘ಸರ್ವೀಸ್ ನೇಮ್’ ಎಂಬುದನ್ನೂ ಬರೆದುಕೊಳ್ಳಿ. ಪಟ್ಟಿಯಲ್ಲಿ ಕಾಣುವ ಚಂದದ ಹೆಸರು ಬೇರೆ, ಈ ನಿಜನಾಮ ಬೇರೆ.

ಇಷ್ಟರಲ್ಲೂ ಸಿಗದಿದ್ದರೆ ಆಟೊರನ್ಸ್. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಕಟ್ಟಿದ ಸಿಸ್‌ಇಂಟರ್ನಲ್ಸ್ ಬಳಗದ ಈ ಉಪಕರಣವನ್ನು 2006ರಿಂದ ಮೈಕ್ರೋಸಾಫ್ಟೇ ಉಚಿತವಾಗಿ ಕೊಡುತ್ತಿದೆ. ಮೈಕ್ರೋಸಾಫ್ಟ್‌ನ ತಾಣದಿಂದಲೇ ಇಳಿಸಿಕೊಳ್ಳಿ, ಇನ್‌ಸ್ಟಾಲ್ ಮಾಡಬೇಕಿಲ್ಲ. ಬಲಗುಂಡಿ ಒತ್ತಿ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ, ‘ಆಪ್ಷನ್ಸ್’ ಮೆನುವಿನಲ್ಲಿ ‘ಹೈಡ್ ಮೈಕ್ರೋಸಾಫ್ಟ್ ಎಂಟ್ರೀಸ್’ ಆರಿಸಿದರೆ ಹೊರಗಿನವರ ಸಾಲುಗಳಷ್ಟೇ ಉಳಿಯುತ್ತವೆ. ಹಳದಿ ಬಣ್ಣ ಬಂದರೆ ಫೈಲ್ ಇಲ್ಲ ಎಂದು ಅರ್ಥ. ನೀವು ಹುಡುಕುತ್ತಿರುವುದು ಹೆಚ್ಚಾಗಿ ಅದನ್ನೇ. ನಸುಗೆಂಪು ಬಂದರೆ ತಯಾರಕರ ಸಹಿ ಖಚಿತವಾಗಿಲ್ಲ. ಎರರ್‌ನಲ್ಲಿದ್ದ ಫೈಲಿನ ಹೆಸರನ್ನು ಮೇಲಿನ ಫಿಲ್ಟರ್ ಪೆಟ್ಟಿಗೆಯಲ್ಲಿ ಬರೆದರೆ ಅದನ್ನು ಕರೆಯುವ ಸಾಲು ಎದುರಿಗೆ ಬಂದು ನಿಲ್ಲುತ್ತದೆ. ನಿಜ ಹೇಳಬೇಕೆಂದರೆ ಅನುಭವಿಗಳು ಮೊದಲ ನಾಲ್ಕು ಜಾಗ ಬಿಟ್ಟು ನೇರವಾಗಿ ಇದಕ್ಕೇ ಬರುತ್ತಾರೆ. ಹೊಸಬರಿಗೆ ಮಾತ್ರ ಇದು ಹರಿತವಾದ ಚಾಕು. ‘ಲಾಗಾನ್’ ಪುಟದಲ್ಲಿರುವ ‘ಯೂಸರ್‌ಇನಿಟ್’ನಂಥ ಸಾಲನ್ನು ತೆಗೆದರೆ ಲಾಗಿನ್ ಆಗಲು ಕೂಡ ಆಗದು.

5. ಅದು ಯಾರೆಂದು ತೀರ್ಮಾನಿಸಿ

ಫೈಲ್ ಇನ್ನೂ ಇದ್ದರೆ ಅದರ ಮೇಲೆ ಎರಡು ಬಾರಿ ಒತ್ತಬೇಡಿ. ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದು ‘ಡಿಜಿಟಲ್ ಸಿಗ್ನೇಚರ್ಸ್’ ಪುಟ ನೋಡಿ. ತಯಾರಕ ಸಂಸ್ಥೆಯ ಹೆಸರು ಅಲ್ಲಿದ್ದು ಸಹಿ ಸರಿಯಾಗಿದ್ದರೆ ಅರ್ಧ ಅನುಮಾನ ಕಳೆಯಿತು. ಸಹಿ ಇಲ್ಲದಿದ್ದರೆ ವೈರಸ್‌ಟೋಟಲ್ ತಾಣಕ್ಕೆ ಫೈಲನ್ನು ಕಳುಹಿಸಿ. ಹತ್ತಾರು ಆಂಟಿವೈರಸ್‌ಗಳ ಅಭಿಪ್ರಾಯ ಒಟ್ಟಿಗೆ ಸಿಗುತ್ತದೆ. ಅಲ್ಲಿಗೆ ಕಳುಹಿಸಿದ ಫೈಲನ್ನು ಬೇರೆಯವರೂ ನೋಡಬಹುದಾದ್ದರಿಂದ ಸ್ವಂತ ದಾಖಲೆಗಳನ್ನು ಮಾತ್ರ ಎಂದಿಗೂ ಹಾಕಬೇಡಿ. ಎಪ್ಪತ್ತರಲ್ಲಿ ಒಂದೋ ಎರಡೋ ಮಾತ್ರ ಕೆಂಪಾದರೆ ಹುಸಿ ಎಚ್ಚರಿಕೆಯೂ ಇರಬಹುದು, ಮೂವತ್ತು ಕೆಂಪಾದರೆ ವಾದಕ್ಕೆ ಜಾಗವಿಲ್ಲ.

ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ. ಸರ್ವೀಸ್‌ಗಳನ್ನು ಓಡಿಸುವ, ವಿಂಡೋಸ್‌ನ ನಿಜವಾದ ‘ಎಸ್‌ವಿಸಿಹೋಸ್ಟ್’ ಇರುವುದು ಸಿಸ್ಟಮ್32 ಫೋಲ್ಡರ್‌ನಲ್ಲಿ, ಅದರ 32 ಬಿಟ್ ಜೋಡಿ ಇರುವುದು ಸಿಸ್‌ವಾವ್64ರಲ್ಲಿ. ‘ಎಸ್‌ಸಿವಿಹೋಸ್ಟ್’ ಎಂದು ಎರಡಕ್ಷರ ಅದಲುಬದಲಾಗಿದ್ದರೆ ಅಥವಾ ಸರಿಯಾದ ಹೆಸರೇ ಇದ್ದರೂ ಆ್ಯಪ್‌ಡೇಟಾದಿಂದ ಓಡುತ್ತಿದ್ದರೆ ಅದು ವೇಷಧಾರಿ.

ಇನ್ನು ಸುಮ್ಮಸುಮ್ಮನೆ ಅನುಮಾನಕ್ಕೆ ಗುರಿಯಾಗುವ ಸಂಭಾವಿತರು. ಟಾಸ್ಕ್ ಮ್ಯಾನೇಜರ್‌ನಲ್ಲಿ ಹತ್ತಾರು ಎಸ್‌ವಿಸಿಹೋಸ್ಟ್ ಕಂಡರೆ ಹೆದರಬೇಡಿ. ವಿಂಡೋಸ್ 10ರ 1703ನೇ ಆವೃತ್ತಿಯಿಂದ, 3.5 ಜಿಬಿಗಿಂತ ಹೆಚ್ಚು ರ್‍ಯಾಮ್ ಇರುವ ಕಂಪ್ಯೂಟರ್‌ಗಳಲ್ಲಿ ಬಹುತೇಕ ಸರ್ವೀಸ್‌ಗಳು ಒಂದೊಂದು ಪ್ರತ್ಯೇಕ ಎಸ್‌ವಿಸಿಹೋಸ್ಟ್‌ನಲ್ಲಿ ಓಡುತ್ತವೆ. ಸರ್ವೀಸ್ ಹೆಸರಿನ ಕೊನೆಗೆ ಅಡಿಗೆರೆ ಎಳೆದು ಅರ್ಥವಿಲ್ಲದ ಐದಾರು ಅಕ್ಷರ ಅಂಕಿ ಅಂಟಿಕೊಂಡಿದ್ದರೂ ಅದು ಹ್ಯಾಕರ್ ಗುರುತಲ್ಲ. ‘ಕ್ಲಿಪ್‌ಬೋರ್ಡ್ ಯೂಸರ್ ಸರ್ವೀಸ್’ನಂಥ, ಪ್ರತಿ ಬಳಕೆದಾರರಿಗೆ ಬೇರೆಯಾಗಿ ಹುಟ್ಟುವ ಸರ್ವೀಸ್‌ಗಳಿಗೆ ವಿಂಡೋಸೇ ಆ ಬಾಲ ಅಂಟಿಸುತ್ತದೆ.

ನಮ್ಮ ಕಡೆಯ ಕಚೇರಿ, ಸೇವಾ ಕೇಂದ್ರಗಳ ಕಂಪ್ಯೂಟರ್‌ಗಳಲ್ಲಿ ಇನ್ನೂ ಕೆಲವು ಇವೆ. ಆಧಾರ್ ಬೆರಳಚ್ಚು ಯಂತ್ರಕ್ಕೆ ಬೇಕಾದ ‘ಆರ್‌ಡಿ ಸರ್ವೀಸ್’, ಲೆಕ್ಕಪರಿಶೋಧಕರು ಬಳಸುವ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ನ ತಂತ್ರಾಂಶ, ಟ್ಯಾಲಿಯ ‘ಗೇಟ್‌ವೇ ಸರ್ವರ್’. ಇವುಗಳ ಹೆಸರು ಅಪರಿಚಿತವೆನಿಸಿತೆಂದು ಕಿತ್ತುಹಾಕಿದರೆ ಮರುದಿನ ಕೌಂಟರ್ ಮುಂದೆ ಸಾಲು ನಿಂತಾಗ ತಿಳಿಯುತ್ತದೆ. ಕನ್ನಡ ಟೈಪಿಂಗ್ ತಂತ್ರಾಂಶಗಳದ್ದೂ ಇದೇ ಕಥೆ. ನೀವು ಒತ್ತಿದ ಕೀಲಿಯನ್ನು ನಡುದಾರಿಯಲ್ಲಿ ಹಿಡಿದು ಕನ್ನಡ ಅಕ್ಷರವಾಗಿ ಬದಲಿಸುವುದೇ ಅವುಗಳ ಕೆಲಸ. ಕೀಲಿ ಕದಿಯುವ ಕುತಂತ್ರಾಂಶವೂ ಕೀಲಿಯನ್ನು ಹಾಗೆಯೇ ಹಿಡಿಯುವುದರಿಂದ ಆಂಟಿವೈರಸ್ ಗೊಂದಲಕ್ಕೆ ಬಿದ್ದು ಒಂದು ಫೈಲನ್ನು ಎತ್ತಿಡಬಹುದು. ಇಂಥಲ್ಲಿ ತಂತ್ರಾಂಶವನ್ನು ಅದರ ಅಧಿಕೃತ ತಾಣದಿಂದ ಹೊಸದಾಗಿ ಹಾಕಿಕೊಳ್ಳುವುದು ಸರಿಯಾದ ದಾರಿ.

ಮೂರನೆಯ ಗುಂಪೊಂದಿದೆ. ಕಂಪ್ಯೂಟರ್ ಜೋಡಿಸಿ ಕೊಡುವಾಗ ‘ಆಫೀಸ್ ಫ್ರೀಯಾಗಿ ಹಾಕಿದ್ದೇವೆ ಸರ್’ ಎಂದಿದ್ದರೆ ‘ಆಟೊಕೆಎಂಎಸ್’, ‘ಕೆಎಂಎಸ್‌ಪೀಕೊ’, ‘ಸರ್ವೀಸ್ ಕೆಎಂಎಸ್‌ಇಎಲ್‌ಡಿಐ’ ಎಂಬ ಹೆಸರುಗಳು ಸಿಗಬಹುದು. ಪರವಾನಗಿ ಇಲ್ಲದ ವಿಂಡೋಸ್ ಅಥವಾ ಆಫೀಸನ್ನು ಅಸಲಿ ಎಂದು ನಂಬಿಸುವ ಉಪಕರಣಗಳಿವು. ವಿಂಡೋಸ್‌ನ ಸ್ವಂತ ಆಂಟಿವೈರಸ್ ಆದ ಡಿಫೆಂಡರ್ ಇವುಗಳ ಫೈಲನ್ನು ಕಿತ್ತುಹಾಕಿದ ಮೇಲೆ ಟಾಸ್ಕ್ ಮಾತ್ರ ಉಳಿದು ಎರರ್ ಕೊಡುತ್ತದೆ. ‘ಅದು ಬರೀ ಆ್ಯಕ್ಟಿವೇಟರ್, ವೈರಸ್ ಅಲ್ಲ’ ಎಂಬ ಸಮಾಧಾನವನ್ನು ನಂಬಬೇಡಿ. ಅಡ್ಮಿನಿಸ್ಟ್ರೇಟರ್ ಅಧಿಕಾರ ಪಡೆದು, ಆಂಟಿವೈರಸ್ ಆಫ್ ಮಾಡಿಸಿ ಒಳಬಂದ ಅನಾಮಧೇಯ ಪ್ರೋಗ್ರಾಂ ಇನ್ನೇನನ್ನು ಜೊತೆಗೆ ತಂದಿದೆ ಎಂದು ಯಾರೂ ಖಾತರಿ ಕೊಡಲಾರರು.

6. ಅಳಿಸುವ ಮೊದಲು ಸ್ಕ್ಯಾನ್

ಫೈಲ್ ಕಾಣೆಯಾಗಿದೆ ಎಂಬ ಮಾತ್ರಕ್ಕೆ ಕಂಪ್ಯೂಟರ್ ಶುದ್ಧವಾಗಿದೆ ಎಂದಲ್ಲ. ಅದರ ಜೊತೆಗಾರರು ಉಳಿದಿರಬಹುದು. ‘ವಿಂಡೋಸ್ ಸೆಕ್ಯುರಿಟಿ’ ತೆರೆದು ‘ಪ್ರೊಟೆಕ್ಷನ್ ಹಿಸ್ಟರಿ’ ನೋಡಿ. ಏನನ್ನು ಯಾವಾಗ ಹಿಡಿಯಿತು ಎಂಬ ದಾಖಲೆ ಅಲ್ಲಿದ್ದರೆ ಪತ್ತೆದಾರಿ ಕೆಲಸ ಅರ್ಧ ಮುಗಿದ ಹಾಗೆ. ಆಮೇಲೆ ‘ಸ್ಕ್ಯಾನ್ ಆಪ್ಷನ್ಸ್’ನಲ್ಲಿ ‘ಫುಲ್ ಸ್ಕ್ಯಾನ್’ ಮಾಡಿ. ಅದು ಮುಗಿದ ಮೇಲೆ ‘ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್’. ಇದು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ; ಸುಮಾರು ಕಾಲು ಗಂಟೆಯ ಕೆಲಸ. ಓಡುತ್ತಿರುವಾಗ ಅವಿತುಕೊಳ್ಳುವ ಕುತಂತ್ರಾಂಶಗಳು ಇಲ್ಲಿ ಸಿಕ್ಕಿಬೀಳುತ್ತವೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಡಿ.

ಎರಡನೆಯ ಅಭಿಪ್ರಾಯ ಬೇಕಿದ್ದರೆ ಭಾರತ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ನಡೆಸುವ ‘ಸೈಬರ್ ಸ್ವಚ್ಛತಾ ಕೇಂದ್ರ’ದ ತಾಣದಲ್ಲಿ ಉಚಿತ ಶುದ್ಧೀಕರಣ ಉಪಕರಣಗಳಿವೆ. ಎರಡು ಆಂಟಿವೈರಸ್‌ಗಳನ್ನು ಖಾಯಂ ಆಗಿ ಒಟ್ಟಿಗೆ ಇಟ್ಟುಕೊಳ್ಳುವುದು ಮಾತ್ರ ಬೇಡ. ಒಂದು ಇನ್ನೊಂದರ ಕಾಲೆಳೆದು, ಅದೇ ಹೊಸ ಸ್ಟಾರ್ಟ್‌ಅಪ್ ಎರರ್‌ಗಳಿಗೆ ದಾರಿಯಾಗುತ್ತದೆ.

7. ಮೊದಲು ನಿಲ್ಲಿಸಿ, ಆಮೇಲೆ ಅಳಿಸಿ

ಸಿಕ್ಕ ಸಾಲನ್ನು ಒಮ್ಮೆಲೇ ಅಳಿಸಬೇಡಿ. ಸ್ಟಾರ್ಟ್‌ಅಪ್ ಆ್ಯಪ್ ಆದರೆ ‘ಡಿಸೇಬಲ್’, ಟಾಸ್ಕ್ ಆದರೂ ‘ಡಿಸೇಬಲ್’, ಆಟೊರನ್ಸ್‌ನಲ್ಲಾದರೆ ಎದುರಿನ ಟಿಕ್ ತೆಗೆಯಿರಿ, ಸರ್ವೀಸ್ ಆದರೆ ಸ್ಟಾರ್ಟ್‌ಅಪ್ ಟೈಪನ್ನು ‘ಡಿಸೇಬಲ್ಡ್’ ಮಾಡಿ. ರೀಸ್ಟಾರ್ಟ್ ಮಾಡಿ. ‘ಶಟ್ ಡೌನ್’ ಮಾಡಿ ಮತ್ತೆ ಆನ್ ಮಾಡುವುದು ಸಾಲದು. ಫಾಸ್ಟ್ ಸ್ಟಾರ್ಟ್‌ಅಪ್ ಸೌಲಭ್ಯ ಆನ್ ಇದ್ದರೆ ಆಗ ವಿಂಡೋಸ್ ಪೂರ್ತಿ ಹೊಸದಾಗಿ ಏಳುವುದಿಲ್ಲ. ಕೆಲವು ದಿನ ಪ್ರಿಂಟರ್, ಸ್ಕ್ಯಾನರ್, ಟೋಕನ್ ಎಲ್ಲವೂ ಸರಿಯಾಗಿ ನಡೆಯುತ್ತಿವೆ ಎಂದು ನೋಡಿಕೊಂಡ ಮೇಲೆ ಅಳಿಸಿ.

ಟಾಸ್ಕ್ ಮತ್ತು ಶಾರ್ಟ್‌ಕಟ್ ಅಳಿಸುವುದು ಸುಲಭ. ಸರ್ವೀಸ್‌ಗೆ ಅಳಿಸುವ ಗುಂಡಿ ಇಲ್ಲ. ಆಟೊರನ್ಸ್‌ನಲ್ಲಿ ಬಲಗುಂಡಿ ಒತ್ತಿ ಡಿಲೀಟ್ ಮಾಡಬಹುದು, ಇಲ್ಲವೇ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಎಸ್‌ಸಿ ಡಿಲೀಟ್’ ಎಂದು ಬರೆದು, ಜಾಗ ಬಿಟ್ಟು, ನಾಲ್ಕನೆಯ ಹಂತದಲ್ಲಿ ಬರೆದುಕೊಂಡ ಸರ್ವೀಸಿನ ನಿಜನಾಮ ಕೊಟ್ಟು ಎಂಟರ್ ಒತ್ತಬೇಕು. ಇದು ಕಮಾಂಡ್ ಪ್ರಾಂಪ್ಟೇ ಆಗಿರಲಿ. ವಿಂಡೋಸ್ ಪವರ್‌ಶೆಲ್‌ನಲ್ಲಿ ‘ಎಸ್‌ಸಿ’ ಎಂಬುದು ಫೈಲಿನಲ್ಲಿ ಬರೆಯುವ ಬೇರೆಯದೇ ಆಜ್ಞೆಯ ಅಡ್ಡಹೆಸರು. ಅಲ್ಲಿ ಇದನ್ನೇ ಟೈಪ್ ಮಾಡಿದರೆ ಸರ್ವೀಸ್ ಅಳಿಯುವುದಿಲ್ಲ, ‘ಡಿಲೀಟ್’ ಎಂಬ ಹೆಸರಿನ ಪುಟ್ಟ ಫೈಲೊಂದು ಹುಟ್ಟುತ್ತದೆ. ತಪ್ಪಾಯಿತೆಂಬ ಸೂಚನೆಯೂ ಬರುವುದಿಲ್ಲ, ನೀವು ಕೆಲಸ ಮುಗಿಯಿತೆಂದು ನೆಮ್ಮದಿಯಿಂದ ಏಳುತ್ತೀರಿ. ‘ಅಳಿಸಲು ಗುರುತು ಮಾಡಲಾಗಿದೆ’ ಎಂಬರ್ಥದ ಸಂದೇಶ ಬಂದರೆ ಸರ್ವೀಸಸ್ ಕಿಟಕಿ ಮುಚ್ಚಿ ರೀಸ್ಟಾರ್ಟ್ ಮಾಡಿ.

ವಿಂಡೋಸ್‌ನ ಸೆಟ್ಟಿಂಗ್‌ಗಳ ಭಂಡಾರವಾದ ರಿಜಿಸ್ಟ್ರಿಯನ್ನು ಶುದ್ಧ ಮಾಡುತ್ತೇವೆನ್ನುವ ರಿಜಿಸ್ಟ್ರಿ ಕ್ಲೀನರ್ ಎಂಬ ತಂತ್ರಾಂಶಗಳನ್ನು ಈ ಕೆಲಸಕ್ಕೆ ಕರೆಯಬೇಡಿ. ಒಂದು ಸಾಲು ತೆಗೆಯಬೇಕಾದ ಕಡೆ ನೂರು ಸಾಲು ಕಿತ್ತು, ಯಾವುದರಿಂದ ಏನು ಕೆಟ್ಟಿತು ಎಂಬ ಸುಳಿವನ್ನೂ ಅಳಿಸಿಬಿಡುತ್ತವೆ.

8. ಎರರ್ ಮತ್ತೆ ಬಂದರೆ

ಅಳಿಸಿದ ಸಾಲು ಮತ್ತೆ ಹುಟ್ಟಿದರೆ ಅದನ್ನು ಬರೆಯುವವನು ಇನ್ನೂ ಒಳಗಿದ್ದಾನೆ, ಇಲ್ಲವೇ ಪೆನ್‌ಡ್ರೈವ್‌ನಲ್ಲಿ ಬಂದು ಹೋಗುತ್ತಿದ್ದಾನೆ. ಜೆರಾಕ್ಸ್ ಅಂಗಡಿ, ಕಾಲೇಜು ಪ್ರಯೋಗಾಲಯಗಳಿಗೆ ಹೋಗಿ ಬಂದ ಪೆನ್‌ಡ್ರೈವ್ ತೆರೆದಾಗ ನಿಮ್ಮ ಫೈಲುಗಳ ಬದಲು ಡ್ರೈವ್‌ನದೇ ಹೆಸರಿನ ಒಂದು ಶಾರ್ಟ್‌ಕಟ್ ಕಂಡರೆ ಅದನ್ನು ಒತ್ತಬೇಡಿ. ಒತ್ತಿದರೆ ಫೈಲುಗಳೂ ತೆರೆದುಕೊಳ್ಳುತ್ತವೆ, ಹುಳುವೂ ಒಳಬರುತ್ತದೆ. ನಿಮ್ಮ ಫೈಲುಗಳು ಹೋಗಿಲ್ಲ, ಅಡಗಿಸಿದ ಫೋಲ್ಡರ್ ಒಂದರಲ್ಲಿವೆ. ಫೈಲ್ ಎಕ್ಸ್‌ಪ್ಲೋರರ್‌ನ ‘ಫೋಲ್ಡರ್ ಆಪ್ಷನ್ಸ್’ನಲ್ಲಿ ಅಡಗಿದ ಫೈಲುಗಳನ್ನು ತೋರಿಸು ಎಂಬುದನ್ನು ಆರಿಸಿ, ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಎಂಬುದರ ಟಿಕ್ ತೆಗೆಯಿರಿ. ಫೋಟೋ, ದಾಖಲೆಗಳನ್ನಷ್ಟೇ ಬೇರೆ ಕಡೆ ಪ್ರತಿ ಮಾಡಿ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ. ಮನೆಯಲ್ಲಿರುವ ಉಳಿದ ಪೆನ್‌ಡ್ರೈವ್‌ಗಳಿಗೂ ಇದೇ ಪರೀಕ್ಷೆ. ಕೆಲಸ ಮುಗಿದ ಮೇಲೆ ಆ ಟಿಕ್ ಮತ್ತೆ ಹಾಕಿ.

ಮೂಲವೇ ಸಿಗದಿದ್ದರೆ ಕ್ಲೀನ್ ಬೂಟ್, ಅಂದರೆ ಹೊರಗಿನವರ ಸರ್ವೀಸ್‌ಗಳನ್ನೆಲ್ಲ ಆಫ್ ಮಾಡಿ ಆರಂಭಿಸುವುದು. ಹುಡುಕುವ ಪಟ್ಟಿಯಿಂದ ‘ಸಿಸ್ಟಮ್ ಕಾನ್ಫಿಗರೇಶನ್’ ತೆರೆದು ‘ಸರ್ವೀಸಸ್’ ಪುಟಕ್ಕೆ ಹೋಗಿ, ‘ಹೈಡ್ ಆಲ್ ಮೈಕ್ರೋಸಾಫ್ಟ್ ಸರ್ವೀಸಸ್’ಗೆ ಮೊದಲು ಟಿಕ್ ಹಾಕಿ, ಆಮೇಲೆ ‘ಡಿಸೇಬಲ್ ಆಲ್’. ಈ ಕ್ರಮ ತಪ್ಪಿದರೆ ವಿಂಡೋಸ್‌ಗೇ ಬೇಕಾದ ಸರ್ವೀಸ್‌ಗಳು ನಿಂತು ಪಿನ್ ಹಾಕಿ ಲಾಗಿನ್ ಆಗುವುದೂ ಕಷ್ಟವಾಗಬಹುದು. ಎರರ್ ನಿಂತರೆ ಅರ್ಧ ಸರ್ವೀಸ್‌ಗಳನ್ನು ಆನ್ ಮಾಡಿ ರೀಸ್ಟಾರ್ಟ್, ಮತ್ತೆ ಉಳಿದದ್ದರಲ್ಲಿ ಅರ್ಧ. ಹೀಗೆ ಅರ್ಧರ್ಧ ಮಾಡುತ್ತಾ ಹೋದರೆ ಅಪರಾಧಿ ಬೇಗ ಸಿಗುತ್ತಾನೆ. ಅದೇ ಕಿಟಕಿಯ ‘ಬೂಟ್’ ಪುಟವನ್ನು ಮುಟ್ಟಬೇಡಿ. ಸೇಫ್ ಮೋಡ್ ಬೇಕಿದ್ದರೆ ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಮಾಡಿ, ‘ಟ್ರಬಲ್‌ಶೂಟ್’, ‘ಅಡ್ವಾನ್ಸ್ಡ್ ಆಪ್ಷನ್ಸ್’, ‘ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್’ ದಾರಿಯಲ್ಲಿ ಹೋಗಿ 4 ಒತ್ತಿ.

ಎರರ್‌ನಲ್ಲಿರುವುದು ವಿಂಡೋಸ್‌ನ ಸ್ವಂತ ಸರ್ವೀಸ್ ಎಂದು ಖಚಿತವಾದರೆ ಮಾತ್ರ ದುರಸ್ತಿಯ ಆಜ್ಞೆಗಳು ಉಪಯೋಗಕ್ಕೆ ಬರುತ್ತವೆ. ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಎಸ್‌ಎಫ್‌ಸಿ’, ಜಾಗ, ಓರೆಗೆರೆ, ಅದಕ್ಕೆ ಅಂಟಿಕೊಂಡಂತೆ ‘ಸ್ಕ್ಯಾನ್‌ನೌ’. ಕೆಟ್ಟ ವಿಂಡೋಸ್ ಫೈಲುಗಳನ್ನು ಇದು ತಾನೇ ಸರಿಪಡಿಸುತ್ತದೆ. ಹೊರಗಿನ ಹೆಲ್ಪರ್.ವಿಬಿಎಸ್ ಎರರ್‌ಗೆ ಇದನ್ನು ಎಷ್ಟು ಬಾರಿ ಓಡಿಸಿದರೂ ಪ್ರಯೋಜನವಿಲ್ಲ.

9. ಒಳನುಸುಳಿದ್ದು ನಿಜವೆಂದಾದರೆ

ಕಿತ್ತುಹಾಕುವುದರ ಜೊತೆಗೆ, ಅದು ಒಳಗಿದ್ದಾಗ ಏನು ಕದ್ದಿರಬಹುದು ಎಂದೂ ಯೋಚಿಸಬೇಕು. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು ಮೊದಲ ತುತ್ತು. ಅವುಗಳನ್ನು ಬದಲಿಸುವುದು ಇದೇ ಕಂಪ್ಯೂಟರ್‌ನಿಂದಲ್ಲ, ಮೊಬೈಲಿನಿಂದ ಅಥವಾ ಬೇರೆ ಕಂಪ್ಯೂಟರ್‌ನಿಂದ. ಮೊದಲು ಇಮೇಲ್, ಏಕೆಂದರೆ ಉಳಿದೆಲ್ಲ ಖಾತೆಗಳ ಪಾಸ್‌ವರ್ಡನ್ನು ಅದರ ಮೂಲಕವೇ ಬದಲಿಸಬಹುದು. ಆಮೇಲೆ ಬ್ಯಾಂಕ್, ಆಮೇಲೆ ಉಳಿದವು. ಪ್ರತಿ ಖಾತೆಯಲ್ಲೂ ‘ಎಲ್ಲ ಸಾಧನಗಳಿಂದ ಸೈನ್ ಔಟ್’ ಎಂಬುದನ್ನು ಒತ್ತಲು ಮರೆಯಬೇಡಿ. ನೀವು ಲಾಗಿನ್ ಆಗಿದ್ದೀರೆಂದು ನೆನಪಿಡಲು ಬ್ರೌಸರ್ ಇಟ್ಟುಕೊಳ್ಳುವ ಪುಟ್ಟ ದಾಖಲೆಗಳನ್ನು, ಅಂದರೆ ಕುಕಿಗಳನ್ನು, ಕದ್ದಿದ್ದರೆ ಪಾಸ್‌ವರ್ಡ್ ಇಲ್ಲದೆಯೂ ನಿಮ್ಮ ಖಾತೆಗೆ ನುಗ್ಗಬಹುದು.

ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಓಡಿದ ಕುತಂತ್ರಾಂಶ ಸಿಕ್ಕಿದ್ದರೆ ಅಥವಾ ಅಪರಿಚಿತರು ದೂರದಿಂದ ಕಂಪ್ಯೂಟರ್ ನಡೆಸಿದ್ದರೆ ವಿಂಡೋಸನ್ನು ಹೊಸದಾಗಿ ಹಾಕುವುದೇ ನನ್ನ ಸಲಹೆ. ಒಂದೊಂದೇ ಫೈಲ್ ಆರಿಸುತ್ತಾ ಕಳೆಯುವ ಸಮಯದಲ್ಲಿ ಈ ಕೆಲಸ ಎರಡು ಬಾರಿ ಮುಗಿಯುತ್ತದೆ. ಬೇರೆ ಶುದ್ಧ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್‌ನ ‘ಮೀಡಿಯಾ ಕ್ರಿಯೇಶನ್ ಟೂಲ್’ ಬಳಸಿ, ಕನಿಷ್ಠ 8 ಜಿಬಿ ಪೆನ್‌ಡ್ರೈವ್‌ನಲ್ಲಿ ಇನ್‌ಸ್ಟಾಲರ್ ಮಾಡಿಕೊಳ್ಳಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹೇಗೂ ಹೊಸದಾಗಿ ಹಾಕುವಾಗ, ಯಂತ್ರ ಒಪ್ಪಿದರೆ, 11ನ್ನೇ ಹಾಕಿ.

ಹಣ ಹೋಗಿದ್ದರೆ ಇದೆಲ್ಲವನ್ನೂ ಬದಿಗಿಟ್ಟು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಮೊದಲ ಹಂತದಲ್ಲಿ ತೆಗೆದ ಫೋಟೋ ಮತ್ತು 7045ರ ದಾಖಲೆಯ ಸ್ಕ್ರೀನ್‌ಶಾಟನ್ನು ದೂರಿಗೆ ಲಗತ್ತಿಸಿ. ಪೊಲೀಸರು ಕಂಪ್ಯೂಟರ್ ನೋಡಬೇಕೆಂದು ಹೇಳಬಹುದಾದ್ದರಿಂದ ಅವರೊಡನೆ ಮಾತಾಡುವವರೆಗೆ ಫಾರ್ಮ್ಯಾಟ್ ಮಾಡಬೇಡಿ.